ಗಾಳಿಯ ಹೊರ ಅಂಗಳದಲ್ಲಿ ಬಿರುಗಾಳಿ

ಗಾಳಿ ಎಲ್ಲಿಗೆ ಮುಗಿಯುತ್ತದೆ ಎಂದು ಮನೆಯ ಮಕ್ಕಳು ಕೇಳಿದರೆ ಹಿರಿಯರಲ್ಲಿ ಬಹುಮಂದಿ ಶಾಲೆಯಲ್ಲಿ ಬಾಯಿಪಾಠ ಮಾಡಿದ ಐದು ಮಂಡಲಗಳ ಹೆಸರು ಹೇಳಿ ಪಾರಾಗುತ್ತಾರೆ. ಪರಿವರ್ತನಾ ಮಂಡಲ, ಸಮೋಷ್ಣ ಮಂಡಲ, ಮಧ್ಯಂತರ ಮಂಡಲ, ಉಷ್ಣತಾ ಮಂಡಲ, ಬಾಹ್ಯ ಮಂಡಲ. ಅಲ್ಲಿಗೆ ಪಾಠವೂ ಮುಗಿಯಿತು, ಗಾಳಿಯೂ ಮುಗಿಯಿತು. ಭೂಗೋಳದ ಪುಸ್ತಕದ ಚಿತ್ರದಲ್ಲಿ ಈ ಐದೂ ಗೋಡೆಗೆ ಬಳಿದ ಬಣ್ಣದ ಪಟ್ಟಿಗಳಂತೆ ಒಂದರ ಮೇಲೊಂದು ಅಚ್ಚುಕಟ್ಟಾಗಿ ನಿಂತಿರುತ್ತವೆ. ಕೊನೆಯ ಪಟ್ಟಿಯ ಆಚೆಗೆ ಚಿತ್ರಕಾರನು ಕಪ್ಪು ಬಳಿದು ನಾಲ್ಕು ನಕ್ಷತ್ರಗಳನ್ನು ಬಿಡಿಸಿಬಿಟ್ಟಿರುತ್ತಾನೆ.

ನಿಜವಾಗಿ ಅಲ್ಲಿ ಅಂತಹ ಗೆರೆಯಾವುದೂ ಇಲ್ಲ. ಜಾತ್ರೆಯ ದಿನ ತೇರಿನ ಬುಡದಲ್ಲಿ ನಿಂತವನು ಹೆಜ್ಜೆಗೊಬ್ಬರನ್ನು ತಾಕದೆ ಅಲುಗಲಾರ. ತೇರಿನ ಬೀದಿಯಿಂದ ದೂರ ದೂರ ಸರಿದಂತೆ ಜನ ವಿರಳವಾಗುತ್ತಾರೆ. ಊರ ಹೊರಗಿನ ತೋಪಿಗೆ ಬಂದರೆ ಒಬ್ಬನು ಯಾರ ಮೈಯನ್ನೂ ಸೋಕದೆ ನಡೆದುಹೋಗಬಹುದು. ಜಾತ್ರೆ ಇಂತಹ ಮರದ ಬಳಿ ಮುಗಿಯಿತು ಎಂದು ಬೆರಳಿಟ್ಟು ತೋರಿಸುವುದು ಸಾಧ್ಯವೆ? ವಾಯುಮಂಡಲದ ಸ್ಥಿತಿಯೂ ಇದೇ. ನೆಲದ ಮಟ್ಟದಲ್ಲಿ ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ ಸುಮಾರು ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳು ಒಂದನ್ನೊಂದು ಗುದ್ದುತ್ತ ಇರುತ್ತವೆ. ಸುಮಾರು 500 ಕಿಲೋಮೀಟರ್ ಎತ್ತರವನ್ನು ದಾಟಿದ ಮೇಲೆ ಒಂದು ಪರಮಾಣುವಿಗೆ ಇನ್ನೊಂದು ಎದುರಾಗುವುದೇ ಅಪರೂಪ. ಮೇಲಕ್ಕೆ ಚಿಮ್ಮಿದ ಪರಮಾಣು, ಎಸೆದ ಕಲ್ಲಿನಂತೆ, ಯಾರ ಅಡ್ಡಿಯೂ ಇಲ್ಲದೆ ಸಾವಿರಾರು ಕಿಲೋಮೀಟರ್ ಏರಿ ಭೂಮಿಯ ಸೆಳೆತಕ್ಕೆ ಮಣಿದು ಮರಳುತ್ತದೆ. ವೇಗ ಸಾಕಷ್ಟಿದ್ದರೆ ಮರಳುವುದೇ ಇಲ್ಲ. ಗಾಳಿಯೆಂಬ ಗುಂಪು ಚದುರಿ ಒಂಟಿ ಪರಮಾಣುಗಳ ಅಲೆದಾಟ ಆರಂಭವಾಗುವ ಈ ಪ್ರದೇಶವೇ ಬಾಹ್ಯ ಮಂಡಲ. ಇಲ್ಲಿಯ ಮುಖ್ಯ ನಿವಾಸಿ ಎಲ್ಲಕ್ಕಿಂತ ಹಗುರವಾದ ಜಲಜನಕ. ಕೆಳ ಅಂಚಿನಲ್ಲಿ ಹೀಲಿಯಮ್ ಮತ್ತು ಆಮ್ಲಜನಕದ ಬಿಡಿ ಪರಮಾಣುಗಳೂ ಉಂಟು.

ಕನ್ನಡದಲ್ಲಿ ‘ಬಯಲು’ ಎಂಬ ಸೊಗಸಾದ ಮಾತಿದೆ. ವಚನಕಾರರ ಕೈಯಲ್ಲಿ ಅದು ಶೂನ್ಯವೂ ಹೌದು, ತುಂಬಿದ್ದೂ ಹೌದು. ಭೂಮಿಯ ಸುತ್ತಣ ಈ ಕೊನೆಯ ಪ್ರದೇಶಕ್ಕೆ ವಿಜ್ಞಾನಿಗಳ ‘ಬಾಹ್ಯ ಮಂಡಲ’ಕ್ಕಿಂತ ಬಯಲೆಂಬ ಹೆಸರೇ ಹೆಚ್ಚು ಒಪ್ಪುತ್ತಿತ್ತೋ ಏನೋ.

ಈ ಬಯಲು ಎಷ್ಟು ದೂರ ಹಬ್ಬಿದೆ? ಭೂಮಿಯಿಂದ 60,000 ಕಿಲೋಮೀಟರ್ ದೂರದಲ್ಲಿ ಘನ ಸೆಂಟಿಮೀಟರಿಗೆ ಎಪ್ಪತ್ತು ಪರಮಾಣುಗಳಿವೆ. ಚಂದ್ರನಿರುವ ದೂರದಲ್ಲಿ ಐದು ಘನ ಸೆಂಟಿಮೀಟರಿಗೆ ಒಂದು. ಸೋಹೋ ಎಂಬ ವ್ಯೋಮನೌಕೆ 1996ರಿಂದ 1998ರವರೆಗೆ ಮಾಡಿದ ಅಳತೆಗಳನ್ನು ರಷ್ಯ ಮತ್ತು ಫ್ರಾನ್ಸಿನ ಸಂಶೋಧಕರು ಮತ್ತೆ ತೆಗೆದು ಲೆಕ್ಕ ಹಾಕಿ 2019ರಲ್ಲಿ ಪ್ರಕಟಿಸಿದಾಗ, ಭೂಮಿಯ ಜಲಜನಕವು ಕಡಮೆಯೆಂದರೂ 6,30,000 ಕಿಲೋಮೀಟರ್ ದೂರದವರೆಗೆ ಹರಡಿದೆಯೆಂದು ತಿಳಿದುಬಂತು. ಚಂದ್ರನ ದೂರ ಸರಾಸರಿ 3,84,400 ಕಿಲೋಮೀಟರ್. ಅಂದಮೇಲೆ ಚಂದ್ರನು ಭೂಮಿಯ ವಾಯುಮಂಡಲದ ಒಳಗೇ ಸುತ್ತುತ್ತಿದ್ದಾನೆ! ಅಲ್ಲಿಗೆ ಹೋಗಿಬಂದ ಗಗನಯಾತ್ರಿಗಳೂ ಕಟ್ಟುನಿಟ್ಟಾಗಿ ನೋಡಿದರೆ ಭೂಮಿಯ ಹೊರ ಅಂಗಳವನ್ನು ದಾಟಿದವರಲ್ಲ. ಆ ಅಂಗಳದಲ್ಲಿ ಉಸಿರಾಡುವಷ್ಟು ಗಾಳಿ ಇಲ್ಲವೆಂಬುದು ಬೇರೆ ಮಾತು.

ಅಲ್ಲಿಯ ಜಲಜನಕವು ಎಲ್ಲಿಂದ ಬಂತು ಎಂಬುದೂ ಕುತೂಹಲಕರವೇ. ಸಮುದ್ರದಿಂದ ಎದ್ದ ನೀರಾವಿಯ ಅಲ್ಪಭಾಗ ಮೇಲೇರಿ, ಸೂರ್ಯನ ಅತಿನೇರಳೆ ಕಿರಣಗಳಿಗೆ ಸಿಕ್ಕಿ ಒಡೆಯುತ್ತದೆ. ಮೀಥೇನ್ ಅನಿಲವೂ ಹಾಗೆಯೇ ಒಡೆಯುತ್ತದೆ. ಬಿಡುಗಡೆಯಾದ ಜಲಜನಕ ಮೇಲಕ್ಕೆ ತೇಲಿ ಬಯಲು ಸೇರುತ್ತದೆ. ಅದರಲ್ಲಿ ಪ್ರತಿ ಸೆಕೆಂಡಿಗೆ ಸುಮಾರು ಮೂರು ಕಿಲೋಗ್ರಾಮಿನಷ್ಟು ಭೂಮಿಯನ್ನು ಶಾಶ್ವತವಾಗಿ ಬಿಟ್ಟುಹೋಗುತ್ತದೆ. ಸಮುದ್ರವೇ ಸೋರಿಹೋಗುತ್ತಿದೆಯೆಂದು ಯಾರೂ ಗಾಬರಿಗೊಳ್ಳಬೇಕಾದುದಿಲ್ಲ. ಈ ಲೆಕ್ಕದಲ್ಲಿ ಕಡಲೆಲ್ಲ ಬತ್ತಲು ಲಕ್ಷ ಕೋಟಿ ವರ್ಷಗಳೂ ಸಾಲವು. ಕರಾವಳಿಯಲ್ಲಿ ನಿವೇಶನ ಕೊಂಡವರು ನಿಶ್ಚಿಂತರಾಗಿರಬಹುದು.

ಇಷ್ಟು ದೂರ ಹಬ್ಬಿದ, ಇಷ್ಟು ತೆಳುವಾದ ಈ ಪ್ರದೇಶದಲ್ಲಿ ಬಿರುಗಾಳಿ ಏಳುವುದೆಂತು? ವಾಸ್ತವವಾಗಿ ‘ಕಾಂತ ಬಿರುಗಾಳಿ’ಯಲ್ಲಿ ಮರದ ಒಂದೆಲೆಯೂ ಅಲುಗುವುದಿಲ್ಲ. ಅಲುಗುವುದು ದಿಕ್ಸೂಚಿಯ ಮುಳ್ಳು. 1806ರ ಡಿಸೆಂಬರಿನಲ್ಲಿ ಬರ್ಲಿನ್ ನಗರದಲ್ಲಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಎಂಬ ಮಹಾವಿದ್ವಾಂಸನು ರಾತ್ರಿಯೆಲ್ಲ ಎಚ್ಚರವಿದ್ದು ಕಾಂತದ ಮುಳ್ಳನ್ನು ನೋಡುತ್ತಿದ್ದಾಗ, ಆಕಾಶದಲ್ಲಿ ಧ್ರುವಪ್ರಭೆ ತೋರಿದ ಹೊತ್ತಿನಲ್ಲಿಯೇ ಮುಳ್ಳು ಹುಚ್ಚು ಹಿಡಿದಂತೆ ತೂಗಾಡಿತು. ಅವನು ಅದಕ್ಕೆ ಕೊಟ್ಟ ಬಿರುಗಾಳಿಯ ಹೆಸರೇ ನಿಂತುಹೋಯಿತು. ಅಂತಹ ಬಿರುಗಾಳಿಗಳ ಪೈಕಿ ಅತ್ಯಂತ ಪ್ರಸಿದ್ಧವಾದುದು 1859ರದು. ಆ ವರ್ಷ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದಾಗ ಆ ಕಲೆಗಳ ನಡುವೆ ಬೆಳ್ಳನೆಯ ಮಿಂಚೊಂದು ಕಾಣಿಸಿ ಕೆಲವು ನಿಮಿಷಗಳಲ್ಲಿ ಆರಿಹೋಯಿತು. ಹದಿನೇಳು ಹದಿನೆಂಟು ಗಂಟೆಗಳ ಅನಂತರ ಭೂಮಿಯ ಕಾಂತಕ್ಷೇತ್ರವೆಲ್ಲ ನಡುಗಿತು. ಯೂರೋಪ್ ಅಮೆರಿಕಗಳ ತಂತಿ ಕಚೇರಿಗಳಲ್ಲಿ ಕಿಡಿಗಳು ಹಾರಿದವು. ಆ ದಿನದ ಅತ್ಯಮೂಲ್ಯ ದಾಖಲೆ ದೊರೆತುದು ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಎಂಬುದು ಭಾರತೀಯರು ನೆನೆಯಬೇಕಾದ ಸಂಗತಿ. ಅಲ್ಲಿಯ ವೀಕ್ಷಕರು ಕಣ್ಣಿನಿಂದಲೇ ನೋಡಿ ನೋಡಿ ಬರೆದಿಟ್ಟ ಅಂಕಿಗಳ ಪ್ರಕಾರ ಕಾಂತಕ್ಷೇತ್ರವು ಸುಮಾರು 1600 ನ್ಯಾನೊಟೆಸ್ಲದಷ್ಟು ಕುಸಿದಿತ್ತು. ಆ ಹಳೆಯ ಪುಟಗಳನ್ನು ಆಧರಿಸಿದ ಲೇಖನವೊಂದು 2003ರಲ್ಲಿ ಬೆಳಕಿಗೆ ಬಂದಾಗ ಜಗತ್ತಿನ ವಿಜ್ಞಾನಿಗಳು ಕೊಲಾಬಾದ ಕಡೆಗೆ ತಿರುಗಿ ನೋಡಿದರು.

ಬಿರುಗಾಳಿಯ ಹುಟ್ಟು ಸೂರ್ಯನಲ್ಲಿ. ಸೂರ್ಯನಿಂದ ಯಾವಾಗಲೂ ವಿದ್ಯುತ್ಕಣಗಳ ಗಾಳಿ ಸೆಕೆಂಡಿಗೆ 400 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಬೀಸುತ್ತಲೇ ಇರುತ್ತದೆ. ಒಮ್ಮೊಮ್ಮೆ ಅದರ ಮೇಲ್ಮೈಯಿಂದ ನೂರಾರು ಕೋಟಿ ಟನ್ ತೂಕದ ಕಾಂತಮಯ ಪ್ಲಾಸ್ಮದ ಮೋಡವೊಂದು ಸಿಡಿದು ಅದಕ್ಕಿಂತ ಹಲವು ಪಟ್ಟು ವೇಗವಾಗಿ ಹೊರಡುತ್ತದೆ. ಎರಡು ಮೂರು ದಿನಗಳಲ್ಲಿ, ಕೆಲವೊಮ್ಮೆ ಒಂದೇ ದಿನದಲ್ಲಿ, ಅದು ಭೂಮಿಗೆ ತಾಕುತ್ತದೆ. ತಾಕಿದ ಮಾತ್ರಕ್ಕೆ ಅನಾಹುತವೇನೂ ಆಗುವುದಿಲ್ಲ. ಭೂಮಿಯ ಕಾಂತಕ್ಷೇತ್ರ ಕೋಟೆಯಂತೆ ಅಡ್ಡ ನಿಂತಿದೆ. ಆದರೆ ಬಂದ ಮೋಡದ ಕಾಂತಕ್ಷೇತ್ರವು ದಕ್ಷಿಣಾಭಿಮುಖವಾಗಿದ್ದರೆ ಉತ್ತರಾಭಿಮುಖವಾದ ಭೂಮಿಯ ಕ್ಷೇತ್ರದೊಡನೆ ಅದು ಹೆಣೆದುಕೊಂಡು ಕೋಟೆಯ ಬಾಗಿಲು ತೆರೆದಂತಾಗುತ್ತದೆ. ಉತ್ತರಕ್ಕೆ ಮುಖ ಮಾಡಿದ್ದರೆ ಬಾಗಿಲು ಮುಚ್ಚಿಯೇ ಇರುತ್ತದೆ. ಇದನ್ನು ಮೊದಲೇ ತಿಳಿಯುವ ದಾರಿ ಬಹು ಕಷ್ಟದ್ದು. ಸೂರ್ಯನ ದಿಕ್ಕಿನಲ್ಲಿ ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ ಕಾವಲಿರುವ ವ್ಯೋಮನೌಕೆಗಳನ್ನು ಮೋಡ ದಾಟಿದ ಮೇಲಷ್ಟೆ ದಿಕ್ಕು ನಿಶ್ಚಯವಾಗುತ್ತದೆ. ಅಲ್ಲಿಂದ ಭೂಮಿಗೆ ಒಂದು ಗಂಟೆಯ ದಾರಿ, ಇಲ್ಲವೆ ಇನ್ನೂ ಕಡಮೆ. ಭಾರತದ ಆದಿತ್ಯ-ಎಲ್1 ಸಹ 2024ರ ಜನವರಿ 6ರಂದು ಅದೇ ಠಾಣೆಗೆ ಹೋಗಿ ಸೇರಿತು.

ಬಾಗಿಲು ತೆರೆಯಿತೆನ್ನೋಣ. ಆಗ ಎರಡು ಕಡೆ ಎರಡು ಬಗೆಯ ಕೋಲಾಹಲ ಆರಂಭವಾಗುತ್ತದೆ. ಮೊದಲನೆಯದು ಧ್ರುವಗಳ ಬಳಿ, ನೂರು ನೂರೈವತ್ತು ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಲಕ್ಷಗಟ್ಟಲೆ ಆಂಪೇರಿನ ವಿದ್ಯುತ್ಪ್ರವಾಹಗಳು ಹರಿಯುತ್ತವೆ. ಇಸ್ತ್ರಿಪೆಟ್ಟಿಗೆಯ ಒಳಗಿನ ತಂತಿ ಹೇಗೆ ಕಾಯುವುದೋ ಹಾಗೆಯೇ ಆ ತೆಳು ಗಾಳಿ ಕಾಯುತ್ತದೆ. ಶಾಂತ ದಿನಗಳಲ್ಲಿ ಉಷ್ಣತಾ ಮಂಡಲಕ್ಕೆ ಮುಖ್ಯವಾಗಿ ಕಾವು ಕೊಡುವುದು ಸೂರ್ಯನ ಅತಿನೇರಳೆ ಕಿರಣ. ದೊಡ್ಡ ಬಿರುಗಾಳಿಯ ಹೊತ್ತಿನಲ್ಲಿ ಧ್ರುವಗಳಿಂದ ಬರುವ ಕಾವು ಅದನ್ನು ಸರಿಗಟ್ಟುತ್ತದೆ, ಮೀರಿಸುವುದೂ ಉಂಟು. ಕಾದ ಗಾಳಿ ಹಿಗ್ಗುತ್ತದೆ. ಒಲೆಯ ಮೇಲಿನ ಹಾಲು ಪಾತ್ರೆಯ ಅಂಚಿಗೆ ಉಕ್ಕಿ ಬರುವಂತೆ ಕೆಳಗಿನ ದಟ್ಟ ಗಾಳಿ ಮೇಲಕ್ಕೆ ಉಕ್ಕುತ್ತದೆ. ಈ ಉಬ್ಬು ಅಲೆಯಾಗಿ ಸೆಕೆಂಡಿಗೆ ಆರೇಳು ನೂರು ಮೀಟರ್ ವೇಗದಲ್ಲಿ ಸಮಭಾಜಕದ ಕಡೆಗೆ ಧಾವಿಸುತ್ತದೆ. ನಾಲ್ಕಾರು ಗಂಟೆಗಳಲ್ಲಿ ಭೂಮಿಯ ಸುತ್ತಣ ಮೇಲ್ಗಾಳಿಯೆಲ್ಲ ಊದಿಕೊಳ್ಳುತ್ತದೆ. 2003ರ ಅಕ್ಟೋಬರ್ ಕೊನೆಯ ಬಿರುಗಾಳಿಗಳಲ್ಲಿ ಜರ್ಮನಿಯ ಚಾಂಪ್ ಉಪಗ್ರಹವು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಮೂರು ನಾಲ್ಕು ಪಟ್ಟಿನವರೆಗೆ ಏರಿದ್ದನ್ನು ಅಳೆಯಿತು.

ಮೂರು ಪಟ್ಟಾದರೇನು, ಶೂನ್ಯದ ಮೂರು ಪಟ್ಟು ಶೂನ್ಯವೇ ಅಲ್ಲವೆ ಎಂದು ವಾಚಕರು ಕೇಳಬಹುದು. ಉಪಗ್ರಹವನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ. ಅದು ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಆ ವೇಗಕ್ಕೆ ಎಷ್ಟೇ ತೆಳುವಾದ ಗಾಳಿಯೂ ಎದುರು ಗಾಳಿಯೇ.

ಈ ಸತ್ಯವನ್ನು ಕಂಡುಕೊಂಡವನು ಲೂಯಿಜಿ ಯಾಕಿಯಾ. ಟ್ರಿಯೆಸ್ಟೆಯಲ್ಲಿ ಹುಟ್ಟಿ, ಬೊಲೊನ್ಯದಲ್ಲಿ ಓದಿ, 1939ರಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದ ಈ ಖಗೋಳಜ್ಞನಿಗೆ ಮೊದಲು ಪ್ರಿಯವಾಗಿದ್ದುದು ಕಾಂತಿ ಬದಲಿಸುವ ನಕ್ಷತ್ರಗಳು. 1957ರಲ್ಲಿ ಸ್ಪುಟ್ನಿಕ್ ಹಾರಿದ ಮೇಲೆ ಮಸಾಚುಸೆಟ್ಸಿನ ಸ್ಮಿತ್ಸೋನಿಯನ್ ವೀಕ್ಷಣಾಲಯಕ್ಕೆ ಉಪಗ್ರಹಗಳ ಜಾಡು ಹಿಡಿಯುವ ಕೆಲಸ ಬಂತು. ಜಗತ್ತಿನ ಹಲವೆಡೆ ಹವ್ಯಾಸಿಗಳ ತಂಡಗಳು ಮುಸ್ಸಂಜೆ ಮುಂಜಾವುಗಳಲ್ಲಿ ಪುಟ್ಟ ದೂರದರ್ಶಕಗಳ ಮುಂದೆ ಸಾಲಾಗಿ ಕುಳಿತು ಆ ಚಲಿಸುವ ಚುಕ್ಕೆಯ ಹೊತ್ತು ಗುರುತಿಸುತ್ತಿದ್ದರು. ಇದಕ್ಕೆಂದೇ ಕಟ್ಟಿದ ಹನ್ನೆರಡು ದೊಡ್ಡ ಕ್ಯಾಮರಾಗಳಲ್ಲಿ ಒಂದು ಭಾರತದ ನೈನಿತಾಲಿನಲ್ಲಿತ್ತು. ಬಂದ ಅಂಕಿಗಳನ್ನು ಯಾಕಿಯಾ ಜೋಡಿಸುತ್ತ ಹೋದನು. 1958ರ ಮೇ ತಿಂಗಳಲ್ಲಿ ಹಾರಿದ ಮೂರನೆಯ ಸ್ಪುಟ್ನಿಕ್ಕಿನ ರಾಕೆಟ್ಟು ಜುಲೈಯಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ ಇದ್ದಕ್ಕಿದ್ದಂತೆ ಎಡವಿದ ಹಾಗೆ ಕಂಡಿತು. ಆ ದಿನಗಳಲ್ಲಿಯೇ ಎರಡು ಭಾರಿ ಕಾಂತ ಬಿರುಗಾಳಿಗಳು ಬೀಸಿದ್ದವು. 1959ರಲ್ಲಿ ಅವನು ಇದನ್ನು ಪ್ರಕಟಿಸಿದಾಗ, ಸೂರ್ಯನ ಸಿಟ್ಟಿಗೂ ಆಕಾಶದಲ್ಲಿ ತೇಲುವ ತಗಡಿನ ಕೊಳವೆಯ ನಡಿಗೆಗೂ ಇರುವ ಸಂಬಂಧ ಮೊದಲ ಬಾರಿಗೆ ಬಯಲಾಯಿತು.  ಖಾಲಿ ರಾಕೆಟ್ಟೇ ಉಪಕರಣವಾಯಿತು.

ಇಲ್ಲಿ ಒಂದು ಸೋಜಿಗವಿದೆ. ಗಾಳಿ ತಡೆದರೆ ಉಪಗ್ರಹ ನಿಧಾನವಾಗಬೇಕಷ್ಟೆ? ಆಗುವುದು ತದ್ವಿರುದ್ಧ. ತಡೆಯಿಂದ ಅದು ಕೆಳಕ್ಕೆ ಜಾರುತ್ತದೆ, ಕೆಳಗಿನ ಕಕ್ಷೆ ಚಿಕ್ಕದು, ಅಲ್ಲಿ ಸುತ್ತುವ ವೇಗ ಹೆಚ್ಚು. ಹಾಗಾಗಿ ಬಿರುಗಾಳಿಗೆ ಸಿಕ್ಕ ಉಪಗ್ರಹವು ಹೇಳಿದ ಹೊತ್ತಿಗಿಂತ ಮೊದಲೇ ಬಂದು ಮುಂದೆ ಸಾಗಿಬಿಟ್ಟಿರುತ್ತದೆ. ಕಾದು ಕುಳಿತವರಿಗೆ ಅದು ಕಾಣುವುದೇ ಇಲ್ಲ. 1989ರ ಮಾರ್ಚ್ 13ರ ಬಿರುಗಾಳಿಯೆಂದರೆ ಎಲ್ಲರೂ ಹೇಳುವುದು ಕೆನಡದ ಕ್ವಿಬೆಕ್ ಪ್ರಾಂತದ ಕಥೆಯನ್ನು. ಒಂದೂವರೆ ನಿಮಿಷದಲ್ಲಿ ವಿದ್ಯುಜ್ಜಾಲ ಕುಸಿದು ಅರುವತ್ತು ಲಕ್ಷ ಜನ ಒಂಬತ್ತು ಗಂಟೆ ಕಾಲ ಕತ್ತಲೆಯಲ್ಲಿ ಕುಳಿತರು. ಅದೇ ದಿನಗಳಲ್ಲಿ ಮೇಲೆ ಸುತ್ತುತ್ತಿದ್ದ ಸಾವಿರಕ್ಕೂ ಮಿಕ್ಕಿದ ವಸ್ತುಗಳ ಜಾಡು ಕಾವಲುಗಾರರ ಪಟ್ಟಿಯಿಂದ ತಪ್ಪಿಹೋಗಿತ್ತೆಂಬುದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಆಕಾಶದಲ್ಲಿ ಜಾಡು ತಪ್ಪುವುದೆಂದರೆ ಯಾವುದು ಯಾವುದಕ್ಕೆ ಡಿಕ್ಕಿ ಹೊಡೆದೀತೆಂದು ಹೇಳಲು ಬಾರದ ಸ್ಥಿತಿ. ಮನುಷ್ಯರಿರುವ ನಿಲ್ದಾಣವೂ ಅದೇ ಬೀದಿಯಲ್ಲಿ ಸುತ್ತುತ್ತಿರುವ ಈ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ಹಿರಿಯ ವಾಚಕರಿಗೆ ಸ್ಕೈಲ್ಯಾಬಿನ ನೆನಪು ಮಾಸಿರಲಾರದು. 1979ರ ಜುಲೈ ಮೊದಲ ವಾರಗಳಲ್ಲಿ ಭಾರತದ ಊರೂರುಗಳಲ್ಲಿ ಮಾತೆಂದರೆ ಅದೇ ಮಾತು: ಆಕಾಶದಿಂದ ಮನೆಯಂಥದೊಂದು ಬೀಳುವುದಂತೆ, ಎಲ್ಲಿ ಬೀಳುವುದೋ ಅಮೆರಿಕದವರಿಗೂ ಗೊತ್ತಿಲ್ಲವಂತೆ. 1973ರ ಮೇ 14ರಂದು ಹಾರಿದ ಎಪ್ಪತ್ತು ಟನ್ನಿಗೂ ಮಿಕ್ಕಿದ ಆ ನಿಲ್ದಾಣವು 435 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿತ್ತು. ಕೊನೆಯ ಯಾತ್ರಿಗಳು 1974ರ ಫೆಬ್ರವರಿಯಲ್ಲಿ ಬಾಗಿಲಿಕ್ಕಿಕೊಂಡು ಬಂದರು. ಎಂಬತ್ತರ ದಶಕದವರೆಗೆ ಅದು ಮೇಲೆಯೇ ಇರುವುದೆಂದೂ, ಅಷ್ಟರಲ್ಲಿ ಹೊಸ ಷಟ್ಲ್ ನೌಕೆ ಸಿದ್ಧವಾಗಿ ಅದನ್ನು ಮೇಲಕ್ಕೆ ತಳ್ಳುವುದೆಂದೂ ಯೋಜನೆಯಿತ್ತು. ಸೂರ್ಯನು ಆ ಯೋಜನೆಯನ್ನು ಓದಿರಲಿಲ್ಲ. ಎಣಿಸಿದ್ದಕ್ಕಿಂತ ಬಿರುಸಾಗಿ ಅವನ ಚಟುವಟಿಕೆ ಏರಿತು, ಮೇಲ್ಗಾಳಿ ಹಿಗ್ಗಿತು, ಸ್ಕೈಲ್ಯಾಬ್ ಜಾರಿತು. ಈ ಪ್ರಸಂಗದಲ್ಲಿ ಮುಖ್ಯ ಅಪರಾಧಿ ಯಾವುದೋ ಒಂದು ಬಿರುಗಾಳಿಯಲ್ಲ, ವರ್ಷಗಟ್ಟಲೆ ಹೆಚ್ಚುತ್ತ ಹೋದ ಅತಿನೇರಳೆ ಕಿರಣಗಳ ಕಾವು ಎಂಬುದನ್ನೂ ಹೇಳಬೇಕು. ಬಿರುಗಾಳಿಗಳು ಕೈ ಜೋಡಿಸಿದವು. ಜುಲೈ 11ರಂದು ಅದು ಹಿಂದೂ ಮಹಾಸಾಗರದ ಮೇಲೆ ಒಡೆದು, ಕೆಲವು ಚೂರುಗಳು ಪಶ್ಚಿಮ ಆಸ್ಟ್ರೇಲಿಯದ ಎಸ್ಪೆರೆನ್ಸ್ ಎಂಬ ಊರಿನ ಸುತ್ತ ಬಿದ್ದವು. ಊರಿನ ಆಡಳಿತದವರು ಕಸ ಹಾಕಿದ ತಪ್ಪಿಗೆ ಅಮೆರಿಕದ ನಾಸಾ ಸಂಸ್ಥೆಗೆ ನಾಲ್ಕು ನೂರು ಡಾಲರ್ ದಂಡ ವಿಧಿಸಿದರು. ಹಣ ಸಂದಾಯವಾದುದು 2009ರಲ್ಲಿ, ಅದೂ ಅಮೆರಿಕದ ಒಬ್ಬ ರೇಡಿಯೋ ನಿರೂಪಕನು ತನ್ನ ಶ್ರೋತೃಗಳಿಂದ ಎತ್ತಿದ ಚಂದಾದಿಂದ. ಷಟ್ಲ್ ಮೊದಲು ಹಾರಿದುದು 1981ರ ಏಪ್ರಿಲಿನಲ್ಲಿ. ನೆಂಟರು ಬರುವ ಹೊತ್ತಿಗೆ ಮನೆಯೇ ಇರಲಿಲ್ಲ.

ಈ ಪಾಠ ಎಲ್ಲರಿಗೂ ಮನದಟ್ಟಾಗಿದೆಯೆಂದುಕೊಳ್ಳುವಷ್ಟರಲ್ಲಿ 2022ರ ಫೆಬ್ರವರಿ ಬಂತು. ಆ ತಿಂಗಳ 3ರಂದು ಸ್ಪೇಸ್‌ಎಕ್ಸ್ ಕಂಪೆನಿ 49 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಹಾರಿಸಿತು. ಅವನ್ನು ಮೊದಲು 210 ಕಿಲೋಮೀಟರಿನಷ್ಟು ಕೆಳಗೆ ಬಿಟ್ಟು, ಪರೀಕ್ಷೆಯಲ್ಲಿ ತೇರ್ಗಡೆಯಾದವನ್ನು ಮಾತ್ರ ಮೇಲೇರಿಸುವುದು ಆಗ ಕಂಪೆನಿಯ ಕ್ರಮವಾಗಿತ್ತು. ಕೆಟ್ಟುಹೋದವು ಕಸವಾಗಿ ಮೇಲೆ ಉಳಿಯದೆ ಬೇಗ ಉರಿದುಹೋಗಲೆಂಬ ಒಳ್ಳೆಯ ಉದ್ದೇಶವೇ ಅದು. ಮರುದಿನ ಒಂದು ಸಾಧಾರಣ ಬಿರುಗಾಳಿ ಬೀಸಿತು. 1859ರದರ ಮುಂದೆ ಅದು ಹೆಸರು ಹೇಳುವಂಥದೇ ಅಲ್ಲ. ಆದರೂ ಆ ಎತ್ತರದಲ್ಲಿ ಗಾಳಿಯ ತಡೆ ಹಿಂದಿನ ಉಡ್ಡಯನಗಳಿಗಿಂತ ಶೇಕಡಾ ಐವತ್ತರವರೆಗೆ ಹೆಚ್ಚಿತು. ಉಪಗ್ರಹಗಳನ್ನು ಕಾಗದದ ಹಾಳೆಯಂತೆ ಅಂಚು ಮುಂದಾಗಿ ತಿರುಗಿಸಿ ಗಾಳಿಗೆ ಮೈ ತಪ್ಪಿಸಲು ನೋಡಿದರು. ಸಾಗಲಿಲ್ಲ. ಮೂವತ್ತೆಂಟು ಉಪಗ್ರಹಗಳು ಕೆಳಗಿಳಿದು ಉರಿದುಹೋದವು. ಬಡ ಬಿರುಗಾಳಿಯೆಂದು ತಾತ್ಸಾರ ಮಾಡಿದ್ದಕ್ಕೆ ತೆತ್ತ ಬೆಲೆ ಅದು.

2024ರ ಮೇ ತಿಂಗಳಲ್ಲಿ ಬಂದುದು ಬಡ ಬಿರುಗಾಳಿಯಲ್ಲ. ಸೂರ್ಯನ ಒಂದೇ ಕಲೆಗಳ ಗುಂಪಿನಿಂದ ಹಲವು ಮೋಡಗಳು ಒಂದರ ಹಿಂದೊಂದು ಹೊರಟು, ದಾರಿಯಲ್ಲಿ ಸೇರಿಕೊಂಡು, ಮೇ 10ರಂದು ಭೂಮಿಗೆ ಅಪ್ಪಳಿಸಿದವು. ಅಮೆರಿಕದವರು ಬಿರುಗಾಳಿಗಳನ್ನು ಐದು ದರ್ಜೆಗಳಾಗಿ ಎಣಿಸುತ್ತಾರೆ. ಐದನೆಯ ದರ್ಜೆಯದು ಬಂದುದು 2003ರ ಅಕ್ಟೋಬರಿನ ಅನಂತರ ಅದೇ ಮೊದಲು. ಆ ರಾತ್ರಿ ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿರುವ ಭಾರತೀಯ ಖಗೋಳ ವೀಕ್ಷಣಾಲಯದ ಕ್ಯಾಮರಾಗಳು ಉತ್ತರ ದಿಗಂತದಲ್ಲಿ ಕೆಂಪು ಬೆಳಕನ್ನು ಸೆರೆಹಿಡಿದವು. ಈ ವೀಕ್ಷಣಾಲಯ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದುದು. ಅಲ್ಲಿಯ ದೊಡ್ಡ ದೂರದರ್ಶಕವನ್ನು ನಡೆಸುವುದು ಇಲ್ಲಿ ಹೊಸಕೋಟೆಯಲ್ಲಿ ಕುಳಿತು. ಧ್ರುವಪ್ರಭೆ ಹಸುರಾಗಿರಬೇಕಲ್ಲ, ಕೆಂಪೇಕೆ? ಹಸುರು ಬೆಳಕು ಹುಟ್ಟುವುದು ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ. ಅಷ್ಟು ದಕ್ಷಿಣದ ಲಡಾಖಿಗೆ ಅದು ಭೂಮಿಯ ಬಾಗಿನ ಕೆಳಗೆ ಮರೆಯಾಗುತ್ತದೆ. ಇನ್ನೂರು ಮುನ್ನೂರು ಕಿಲೋಮೀಟರಿಗೂ ಮೇಲೆ ಆಮ್ಲಜನಕದ ಬಿಡಿ ಪರಮಾಣುಗಳು ಬೀರುವ ಕೆಂಪು ಮಾತ್ರ ದಿಗಂತದ ಮೇಲೆ ತಲೆ ಎತ್ತುತ್ತದೆ. ತೇರು ಕಾಣದಿದ್ದರೂ ತೇರಿನ ತುದಿಯ ಕಳಶ ಊರಾಚೆಗೆ ಕಾಣುವಂತೆ.

ಹಾನ್ಲೆಯಲ್ಲಿ ಬೆಳಕು ಕಂಡಿತು; ಹಾಸನದಲ್ಲಿ ಕಂಡುದು ಅಂಕಿಗಳು. ಭಾರತದ ಉಪಗ್ರಹಗಳನ್ನು ನೋಡಿಕೊಳ್ಳುವ ಮುಖ್ಯ ನಿಯಂತ್ರಣ ಕೇಂದ್ರಗಳು ಹಾಸನ ಮತ್ತು ಭೋಪಾಲಗಳಲ್ಲಿವೆ. ಅಲ್ಲಿಯ ಎಂಜಿನಿಯರುಗಳು ಆ ದಿನಗಳಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ತೀರ ಮೇಲಿರುವ ಸಂಪರ್ಕ ಉಪಗ್ರಹಗಳಿಗೆ ದೊಡ್ಡ ತೊಂದರೆಯಾಗಲಿಲ್ಲ. ಕೆಳಗಿನವು ಮಾತ್ರ ಜಾರಿದವು. 430 ಕಿಲೋಮೀಟರ್ ಎತ್ತರದ ಇಓಎಸ್-07 ಉಪಗ್ರಹವು ದಿನಕ್ಕೆ 300 ಮೀಟರಿನಂತೆ ಇಳಿಯುತ್ತಿದ್ದುದು ಮೇ 11ರಂದು 600 ಮೀಟರ್ ಇಳಿಯಿತು. ದಿನಕ್ಕೆ 35-40 ಮೀಟರಿಗಿಂತ ಹೆಚ್ಚು ಇಳಿಯದಿದ್ದ ಕಾರ್ಟೊಸ್ಯಾಟ್-2ಎಫ್ 180 ಮೀಟರ್ ಕೆಳಗಾಯಿತು. ನೂರೆಂಬತ್ತು ಮೀಟರ್ ಬೆಂಗಳೂರಿನ ಒಂದು ಬೀದಿಯ ಉದ್ದವೂ ಅಲ್ಲ. ಆದರೆ ಹೀಗೆ ಇಳಿದ ಪ್ರತಿಯೊಂದು ಮೀಟರನ್ನೂ ಮತ್ತೆ ಏರಲು ಇಂಧನ ಬೇಕು. ಮೇಲೆ ಇಂಧನ ತುಂಬಿಸುವ ಪೆಟ್ರೋಲ್ ಬಂಕಿಲ್ಲ. ಇಂಧನ ತೀರಿದ ದಿನವೇ ಉಪಗ್ರಹದ ಆಯುಸ್ಸೂ ತೀರಿತು.

ಅದೇ ಬಿರುಗಾಳಿಯಲ್ಲಿ ಸಾವಿರಾರು ಸ್ಟಾರ್‌ಲಿಂಕ್ ಉಪಗ್ರಹಗಳು ತಮ್ಮ ತಮ್ಮ ಎತ್ತರಕ್ಕೆ ಮರಳಲು ಒಮ್ಮೆಗೇ ತಮ್ಮ ಯಂತ್ರಗಳನ್ನು ಚಾಲೂ ಮಾಡಿಕೊಂಡವು. ಯಾರ ಅಪ್ಪಣೆಗೂ ಕಾಯದೆ ತಾವಾಗಿ ನಿರ್ಧರಿಸುವ ಶಕ್ತಿ ಅವಕ್ಕುಂಟು. ಒಂದೆರಡು ದಿನ ಆಕಾಶದಲ್ಲಿ ಯಾವುದು ಎಲ್ಲಿರುವುದೆಂಬ ಮುನ್ಲೆಕ್ಕವೆಲ್ಲ ತಲೆಕೆಳಗಾಯಿತು. ಅಪಘಾತವಾಗಲಿಲ್ಲ. ಆಗಲಿಲ್ಲವೆಂದ ಮಾತ್ರಕ್ಕೆ ಈ ವ್ಯವಸ್ಥೆ ಭದ್ರವಾಗಿದೆಯೆಂದು ಹೇಳುವುದು, ಲಾಂದ್ರವಿಲ್ಲದ ಎತ್ತಿನ ಗಾಡಿಗಳು ರಾತ್ರಿ ಒಂದಕ್ಕೊಂದು ತಾಕದೆ ಸಂತೆ ತಲಪಿದವೆಂದು ಲಾಂದ್ರವೇ ಬೇಡವೆಂದಂತೆ.

ಬಿರುಗಾಳಿಯಿಂದ ಉಪಕಾರವೂ ಇಲ್ಲದಿಲ್ಲ. ಉಬ್ಬಿದ ಗಾಳಿ ಒಡೆದ ರಾಕೆಟ್ಟುಗಳ ಚೂರು, ಸತ್ತ ಉಪಗ್ರಹ, ಕಳಚಿದ ಬೋಲ್ಟುಗಳನ್ನೂ ಎಳೆದು ಕೆಳಗಿಳಿಸಿ ಸುಡುತ್ತದೆ. ಮನುಷ್ಯನು ಹಾಕಿ ಮರೆತ ಕಸವನ್ನು ಸೂರ್ಯನು ಗುಡಿಸುತ್ತಾನೆ. ಆದರೆ ಈ ಉಬ್ಬು ಬಹುಕಾಲ ನಿಲ್ಲುವುದಿಲ್ಲ. ಬಿರುಗಾಳಿಯ ಕಾವಿನಲ್ಲಿಯೇ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೆಚ್ಚಾಗಿ ಹುಟ್ಟುತ್ತದೆ. ಅದು ಕಾವನ್ನು ಹೀರಿ ಕಣ್ಣಿಗೆ ಕಾಣದ ಅವಕೆಂಪು ಕಿರಣವಾಗಿ ಹೊರಕ್ಕೆ ಚೆಲ್ಲುತ್ತದೆ. ಎಷ್ಟೋ ವೇಳೆ ಅತಿಯಾಗಿ ಚೆಲ್ಲಿ, ಬಿರುಗಾಳಿ ಕಳೆದ ಮೇಲೆ ಗಾಳಿ ಮೊದಲಿಗಿಂತಲೂ ತಣ್ಣಗಾಗಿ ಕುಗ್ಗುವುದುಂಟು.

ಇಲ್ಲಿಯವರೆಗೆ ಹೇಳಿದುದು ಬಹುಮಟ್ಟಿಗೆ ಬಯಲಿನ ಹೊಸ್ತಿಲಿನ ಕಥೆ. ಎರಡನೆಯ ಕೋಲಾಹಲ ನಡೆಯುವುದು ಅಂಗಳದ ನಡುವೆ, ಹತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಬಿರುಗಾಳಿಯ ಹೊತ್ತಿನಲ್ಲಿ ಕೋಟೆಯೊಳಗೆ ನುಗ್ಗಿದ ಬಿಸಿ ಪ್ರೋಟಾನುಗಳು ಭೂಮಿಯ ಸುತ್ತ ಉಂಗುರದಂತೆ ಹರಿಯತೊಡಗುತ್ತವೆ. ಕೊಲಾಬಾದಂತಹ ಕಡೆಗಳಲ್ಲಿ ಮುಳ್ಳನ್ನು ಕುಸಿಯುವಂತೆ ಮಾಡುವುದರಲ್ಲಿ ಈ ಉಂಗುರದ ಪಾಲು ದೊಡ್ಡದು. ಇದನ್ನು ಆರಿಸುವವರು ಯಾರು? ಆ ಬಯಲಿನ ತಣ್ಣನೆಯ ಜಲಜನಕವೇ. ಧಾವಿಸುತ್ತಿರುವ ಪ್ರೋಟಾನು ಒಂದು ಜಲಜನಕ ಪರಮಾಣುವಿನ ಬಳಿ ಹಾಯುವಾಗ ಅದರ ಎಲೆಕ್ಟ್ರಾನನ್ನು ಕಸಿದುಕೊಂಡುಬಿಡುತ್ತದೆ. ಕಸಿದ ಮರುಕ್ಷಣ ಅದು ವಿದ್ಯುದಾವೇಶವಿಲ್ಲದ ಬರಿಯ ಪರಮಾಣು. ಕಾಂತಕ್ಷೇತ್ರದ ಹಿಡಿತ ಅದರ ಮೇಲೆ ಇನ್ನಿಲ್ಲ. ಹಗ್ಗ ಕಡಿದ ಬುಗುರಿಯಂತೆ ನೇರವಾಗಿ ಹೊರಕ್ಕೆ ಹಾರಿಹೋಗುತ್ತದೆ. ಹೀಗೆ ಒಂದೊಂದಾಗಿ ಕಳ್ಳರು ಕದ್ದ ಮಾಲಿನೊಡನೆ ಓಡಿಹೋಗುವುದರಿಂದಲೇ ಬಿರುಗಾಳಿ ಕ್ರಮೇಣ ಶಮನವಾಗುತ್ತದೆ. ಹಾರಿಬರುವ ಈ ಪರಮಾಣುಗಳನ್ನು ಹಿಡಿದು ಬಿರುಗಾಳಿಯ ಚಿತ್ರ ಬರೆಯುವ ಉಪಾಯವೂ ಉಂಟು. 2000ದಲ್ಲಿ ಹಾರಿದ ಇಮೇಜ್ ಉಪಗ್ರಹ ಅದನ್ನು ಸಾಧಿಸಿ ತೋರಿಸಿತು.

ಅದೇ ಪ್ರದೇಶದಲ್ಲಿ ಜಲಜನಕದೊಡನೆ ತಣ್ಣನೆಯ ಪ್ಲಾಸ್ಮದ ಹೊದಿಕೆಯೊಂದು ಇದೆ. 2024ರ ಮೇ ಬಿರುಗಾಳಿಯಲ್ಲಿ ಜಪಾನಿನ ಅರಾಸೆ ಉಪಗ್ರಹ ಕಂಡ ಪ್ರಕಾರ ಸುಮಾರು 44,000 ಕಿಲೋಮೀಟರ್ ಎತ್ತರದಲ್ಲಿದ್ದ ಆ ಹೊದಿಕೆಯ ಅಂಚು ಒಂಬತ್ತು ಗಂಟೆಗಳಲ್ಲಿ 9,600 ಕಿಲೋಮೀಟರಿಗೆ ಕುಗ್ಗಿತು. ಕಳೆದುಕೊಂಡುದನ್ನು ತುಂಬಿಕೊಳ್ಳಲು ಅದಕ್ಕೆ ನಾಲ್ಕು ದಿನಗಳಿಗೂ ಹೆಚ್ಚು ಬೇಕಾಯಿತು.

ಕೆಳಗಿನ ಗಾಳಿ ಉಬ್ಬುತ್ತದೆ, ಮೇಲಿನ ಪ್ಲಾಸ್ಮ ಕುಗ್ಗುತ್ತದೆ. ನಡುವೆ ಇರುವ ಜಲಜನಕದ ಗತಿಯೇನು? ಸೂರ್ಯನ ಹನ್ನೊಂದು ವರ್ಷದ ಏರಿಳಿತದಲ್ಲಿ, ಕಾವು ಹೆಚ್ಚಿದ ಕಾಲಕ್ಕೆ ಬಯಲಿನ ಬುಡದಲ್ಲಿ ಜಲಜನಕ ವಿರಳವಾಗುವುದು ಮೊದಲಿನಿಂದ ತಿಳಿದ ವಿಷಯ. ಬಿಸಿಯಾದ ಹಗುರ ಪರಮಾಣು ಬೇಗ ಹಾರಿಹೋಗುತ್ತದೆ. ಆದರೆ 2008ರಿಂದ ಟ್ವಿನ್ಸ್ ಎಂಬ ಅವಳಿ ಉಪಕರಣಗಳು ಅಳೆದಾಗ, ಬಿರುಗಾಳಿಯ ದಿನಗಳಲ್ಲಿ ದೂರದ ಬಯಲಿನ ಜಲಜನಕ ಹೆಚ್ಚಿದ್ದು ಕಂಡಿತು, ಅದೂ ಶೇಕಡಾ ಹತ್ತರಿಂದ ಇಪ್ಪತ್ತರ ಆಸುಪಾಸಿನಷ್ಟು. ಕೆಳಗಿನಿಂದ ಉಕ್ಕಿದುದೋ, ಕಸಿದಾಟದಲ್ಲಿ ಎಬ್ಬಿಸಲ್ಪಟ್ಟುದೋ, ಎರಡೂ ಕೂಡಿಯೋ ಎಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಜಲಜನಕ ಹೆಚ್ಚಾದರೆ ಮುಂದಿನ ಬಿರುಗಾಳಿ ಬೇಗ ಆರುತ್ತದೆ. ಆದುದರಿಂದ ಇದು ಪಂಡಿತರ ಒಣ ತರ್ಕವಲ್ಲ.

ಈ ಬಯಲನ್ನು ಹೊರಗಿನಿಂದ ಮೊಟ್ಟಮೊದಲು ಚಿತ್ರಿಸಿದವನು ಜಾರ್ಜ್ ಕ್ಯಾರದರ್ಸ್. 1939ರಲ್ಲಿ ಸಿನ್ಸಿನಾಟಿಯಲ್ಲಿ ಹುಟ್ಟಿದ ಈ ನೀಗ್ರೋ ಜನಾಂಗದ ಬಾಲಕ, ಆ ಕಾಲದ ಅಮೆರಿಕದಲ್ಲಿ ಅವನ ಬಣ್ಣದವರಿಗೆ ತೆರೆದಿದ್ದ ಬಾಗಿಲುಗಳೇ ಕೆಲವಾಗಿದ್ದಾಗ, ಹತ್ತನೆಯ ವಯಸ್ಸಿನಲ್ಲಿ ತಾನೇ ಒಂದು ದೂರದರ್ಶಕ ಕಟ್ಟಿದ್ದನು. ಮುಂದೆ ನೌಕಾದಳದ ಸಂಶೋಧನಾಲಯ ಸೇರಿ ಅತಿನೇರಳೆ ಕಿರಣಗಳ ಕ್ಯಾಮರಾ ನಿರ್ಮಿಸಿದನು. ಸೂರ್ಯನ ಬೆಳಕು ಬಿದ್ದ ಜಲಜನಕವು ಮನುಷ್ಯನ ಕಣ್ಣಿಗೆ ಕಾಣದ ಒಂದು ಅತಿನೇರಳೆ ಬಣ್ಣದಲ್ಲಿ ಹೊಳೆಯುತ್ತದೆ. ಭೂಮಿಯ ಸುತ್ತಣ ಆ ಹೊಳಪಿಗೆ ಜಿಯೊಕರೋನ ಎಂದು ಹೆಸರು. ದೇವರ ಮೂರ್ತಿಯ ಹಿಂದಿನ ಪ್ರಭಾವಳಿಯನ್ನು ಕಂಡವರು ಅದನ್ನು ಭೂಪ್ರಭಾವಳಿ ಎನ್ನಬಹುದು. ನೆಲದಿಂದ ಅದನ್ನು ನೋಡುವಂತಿಲ್ಲ, ಕೆಳಗಿನ ಗಾಳಿ ಆ ಬೆಳಕನ್ನು ನುಂಗಿಬಿಡುತ್ತದೆ. 1972ರ ಏಪ್ರಿಲಿನಲ್ಲಿ ಅಪೊಲೊ 16ರ ಯಾತ್ರಿಗಳು ಕ್ಯಾರದರ್ಸನ ಚಿನ್ನದ ಲೇಪದ ಕ್ಯಾಮರಾವನ್ನು ಚಂದ್ರನ ಮೇಲೆ, ತಮ್ಮ ನೌಕೆಯ ನೆರಳಿನಲ್ಲಿ ನಿಲ್ಲಿಸಿ ಭೂಮಿಯ ಕಡೆಗೆ ತಿರುಗಿಸಿದರು. ಚಿತ್ರದಲ್ಲಿ ಭೂಮಿಯನ್ನು ಸುತ್ತುವರಿದ ಪ್ರಭೆಯೂ ಧ್ರುವಪ್ರಭೆಯ ಪಟ್ಟಿಗಳೂ ಮೂಡಿಬಂದವು. ಕ್ಯಾಮರಾ ಇಂದಿಗೂ ಅಲ್ಲಿಯೇ ಇದೆ. ಯಾತ್ರಿಗಳು ಮರಳಿ ತಂದುದು ಫಿಲ್ಮನ್ನು ಮಾತ್ರ.

ಕ್ಯಾರದರ್ಸ್ 2020ರ ಡಿಸೆಂಬರಿನಲ್ಲಿ ತೀರಿಕೊಂಡನು. 2025ರ ಸೆಪ್ಟೆಂಬರ್ 24ರಂದು ಅವನ ಹೆಸರನ್ನು ಹೊತ್ತ ಒಂದು ವೀಕ್ಷಣಾನೌಕೆ, ಬಿರುಗಾಳಿಯ ದಿನಗಳಲ್ಲಿ ಈ ಪ್ರಭಾವಳಿ ಹೇಗೆ ಮಾರ್ಪಡುವುದೆಂದು ನೋಡುವ ಉದ್ದೇಶದಿಂದಲೇ, ಆದಿತ್ಯ-ಎಲ್1 ಇರುವ ಠಾಣೆಯ ಕಡೆಗೆ ಹೊರಟಿತು. ಅದರಲ್ಲಿ ಎರಡು ಕ್ಯಾಮರಾಗಳಿವೆ, ಒಂದು ಹತ್ತಿರದ ಪ್ರಭೆಯನ್ನು ಸೂಕ್ಷ್ಮವಾಗಿ ನೋಡಲು, ಇನ್ನೊಂದು ದೂರದವರೆಗೆ ಹಬ್ಬಿದುದನ್ನೆಲ್ಲ ಒಂದೇ ನೋಟದಲ್ಲಿ ಹಿಡಿಯಲು. 1972ರ ಕ್ಯಾಮರಾಕ್ಕೆ ಈ ಎರಡನೆಯದು ಸಾಧ್ಯವಿರಲಿಲ್ಲ. ಅದು ನಿಂತಿದ್ದುದು ಚಂದ್ರನ ಮೇಲೆ, ಅಂದರೆ ತಾನು ನೋಡಬೇಕಾಗಿದ್ದ ಪ್ರಭಾವಳಿಯ ಒಳಗೇ.